ಗಂಟಲ ಕ್ಯಾನ್ಸರ್ ಇದ್ದಾಗ ಕೊರೊನಾ ಬಂದರೆ: ಗೆಲ್ಲಲು 8 ಸೂತ್ರಗಳು

ಕೊರೊನಾದ ದೊಡ್ಡ ಅಲೆಗಳು ಇಳಿದರೂ ವೈರಸ್ ಹೋಗಿಲ್ಲ. ಶಿವಮೊಗ್ಗ, ಭದ್ರಾವತಿಯಲ್ಲಿ ಗಂಟಲ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರು ಅದನ್ನು ಬರೀ ನೆಗಡಿ ಎಂದುಕೊಳ್ಳುವಂತಿಲ್ಲ. ಕೀಮೋದಿಂದ ಬಿಳಿ ರಕ್ತಕಣ ತಗ್ಗಿರುತ್ತವೆ, ನುಂಗಲಾಗದೆ ಮೈ ಸೊರಗಿರುತ್ತದೆ. ಒಂದು ಕಾಯಿಲೆಯ ಭಯದಲ್ಲಿ ಇನ್ನೊಂದನ್ನು ಮರೆಯದವರೇ ಎರಡನ್ನೂ ದಾಟುತ್ತಾರೆ.

1. ಕರೆಂಟ್ ತಪ್ಪಿಸಬೇಡಿ.
ಜನ ‘ಕರೆಂಟ್’ ಎನ್ನುವ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6ರಿಂದ 7 ವಾರ ನಡೆಯುತ್ತದೆ. ನಡುವೆ ದಿನಗಳು ತಪ್ಪಿದರೆ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯಬಹುದು. ಚಿಕಿತ್ಸೆ ಬೆಂಗಳೂರಿನ ಕಿದ್ವಾಯಿಯಲ್ಲಿರಲಿ, ಮಣಿಪಾಲದಲ್ಲಿರಲಿ, ಕೊರೊನಾ ಬಂದ ದಿನವೇ ಅಲ್ಲಿಗೆ ಫೋನ್ ಮಾಡಿ. ಮುಂದುವರಿಸಬೇಕೋ, ಮುಂದೂಡಬೇಕೋ ಎಂಬುದನ್ನು ವೈದ್ಯರೇ ಹೇಳಲಿ.

2. ಕುತ್ತಿಗೆಯ ರಂಧ್ರವನ್ನೂ ಮುಚ್ಚಿ.
ಧ್ವನಿಪೆಟ್ಟಿಗೆ ಪೂರ್ತಿ ತೆಗೆಸಿಕೊಂಡವರು ಕುತ್ತಿಗೆಯ ರಂಧ್ರದಿಂದ ಉಸಿರಾಡುತ್ತಾರೆ. ಮೂಗಿನಲ್ಲಿ ಸೋಸಿ ಹೋಗಬೇಕಾದ ಗಾಳಿ ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಗು, ಬಾಯಿಗೆ ಮಾಸ್ಕ್ ಹಾಕಿ; ರಂಧ್ರಕ್ಕೆ ಫಿಲ್ಟರ್ ಅಥವಾ ಉಸಿರಾಡಲು ಬರುವ ಬಟ್ಟೆಯ ಹೊದಿಕೆ ಇರಲಿ. ಕೈ ತೊಳೆಯದೆ ರಂಧ್ರವನ್ನಾಗಲಿ ಅದರ ಟ್ಯೂಬನ್ನಾಗಲಿ ಮುಟ್ಟಬೇಡಿ. ಕಫ ತೆಗೆಯುವಾಗ ಹನಿಗಳು ಹಾರುತ್ತವೆ. ನೋಡಿಕೊಳ್ಳುವವರು ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ.

3. ಜೇಬಿನಲ್ಲೊಂದು ಚೀಟಿ ಇರಲಿ.
‘ನಾನು ಕುತ್ತಿಗೆಯಿಂದ ಉಸಿರಾಡುತ್ತೇನೆ. ಆಕ್ಸಿಜನ್ ಇಲ್ಲಿಗೇ ಕೊಡಿ’ ಎಂದು ದಪ್ಪಕ್ಷರದಲ್ಲಿ ಬರೆದಿಡಿ. ಧ್ವನಿಪೆಟ್ಟಿಗೆ ಇಲ್ಲದವರಿಗೆ ತುರ್ತಿನಲ್ಲಿ ಆಕ್ಸಿಜನ್ ಮಾಸ್ಕ್ ಮುಖಕ್ಕೆ ಮಾತ್ರ ಹಾಕಿದರೆ ಶ್ವಾಸಕೋಶಕ್ಕೆ ಏನೂ ತಲುಪದು. ಪರೀಕ್ಷೆಯ ಮಾದರಿಯನ್ನು ಮೂಗಿನಿಂದಲೂ ರಂಧ್ರದಿಂದಲೂ ತೆಗೆಯಲು ಕೇಳಿ.

4. ಲಕ್ಷಣ ಅಳೆಯುವ ರೀತಿ ಬದಲಿಸಿ.
ಗಂಟಲು ನೋವು, ರುಚಿ ಕೆಡುವುದು ವಿಕಿರಣದಿಂದಲೂ ಆಗುತ್ತದೆ. ಧ್ವನಿಪೆಟ್ಟಿಗೆ ಇಲ್ಲದವರಿಗೆ ವಾಸನೆ ಮೊದಲೇ ತಗ್ಗಿರುತ್ತದೆ. ಹೊಸ ಕೆಮ್ಮು, ಹೆಚ್ಚಿದ ಕಫ, ಏದುಸಿರು ಕಂಡರೆ ಪರೀಕ್ಷೆ ಮಾಡಿಸಿ.

5. ಜ್ವರಕ್ಕೆ ಬೆಳಗಾಗಲಿ ಎನ್ನಬೇಡಿ.
ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಮಲಗಬೇಡಿ. ಆಕ್ಸಿಜನ್ ಮಟ್ಟ 94ಕ್ಕಿಂತ ಇಳಿದರೂ ಅಷ್ಟೆ. ಶಿವಮೊಗ್ಗದವರು ಮೆಗ್ಗಾನ್‌ಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೊರಡಿ; ಭದ್ರಾವತಿಯವರು ದಾರಿಯ ಹೊತ್ತನ್ನೂ ಲೆಕ್ಕ ಹಾಕಿ ಬೇಗ ಹೊರಡಿ.

6. ತೂಕ ಕಾಯಿರಿ.
ಗಂಜಿ, ರಾಗಿ ಅಂಬಲಿ, ಬೇಳೆ ಕಟ್ಟು, ಮೆತ್ತಗಿನ ಮೊಟ್ಟೆ ಸ್ವಲ್ಪ ಸ್ವಲ್ಪವಾಗಿ ಕೊಡಿ. ನುಂಗುವಾಗ ಕೆಮ್ಮು ಬಂದರೆ ಬಲವಂತ ಬೇಡ. ಆಹಾರದ ಟ್ಯೂಬ್ ಬೇಕೇ ಎಂದು ವೈದ್ಯರನ್ನು ಕೇಳಿ.

7. ಲಸಿಕೆ ಮನೆಮಂದಿಗೆಲ್ಲ.
2021ರ ಮಾರ್ಚ್ 1ರಿಂದ ಕ್ಯಾನ್ಸರ್ ಇರುವ 45 ದಾಟಿದವರಿಗೆ ಲಸಿಕೆಯಲ್ಲಿ ಆದ್ಯತೆ ಸಿಕ್ಕಿದ್ದು ಅಪಾಯ ಹೆಚ್ಚೆಂದೇ. ನಿಮಗೂ ಮನೆಯವರಿಗೂ ಮುಂದಿನ ಡೋಸ್ ಯಾವಾಗ ಎಂದು ನಿಮ್ಮ ವೈದ್ಯರಲ್ಲೇ ವಿಚಾರಿಸಿ.

8. ಧ್ವನಿಯನ್ನು ನಿರ್ಲಕ್ಷಿಸಬೇಡಿ.
ನೆಗಡಿ ಹೋಗಿ 3 ವಾರ ಕಳೆದರೂ ಧ್ವನಿ ಒಡೆದೇ ಇದ್ದರೆ ಕೊರೊನಾದ್ದೇ ಇರಬೇಕು ಎಂದು ಸುಮ್ಮನಿರಬೇಡಿ. ಇಎನ್‌ಟಿ ವೈದ್ಯರಿಗೆ ತೋರಿಸಿ. ಬೀಡಿ, ಗುಟ್ಕಾ, ಹೊಗೆಸೊಪ್ಪಿನ ಎಲೆಅಡಿಕೆ ಇವತ್ತೇ ಬಿಡಿ. ಬೇಗ ಸಿಕ್ಕಿದ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಹೆಚ್ಚಿನವರಲ್ಲಿ ಗುಣವಾಗುತ್ತದೆ, ಬಹಳ ಸಲ ಮಾತೂ ಉಳಿಯುತ್ತದೆ.