ಡೊಮೈನ್ ಹೆಸರಿನ ನಡುವೆ ಅಡ್ಡಗೆರೆ: ಇರಬೇಕೆ, ಬೇಡವೆ?

ವ್ಯಾಪಾರ ಸಂಸ್ಥೆಯೊಂದು ತನ್ನ ಜಾಲತಾಣಕ್ಕೆ ಹೆಸರನ್ನು ಆರಿಸಿಕೊಳ್ಳಲು ಮುಂದಾದಾಗ ಅನೇಕ ಬಾರಿ ಮೊದಲು ದೊರೆಯುವ ಉತ್ತರ, ‘ಈ ಹೆಸರು ಈಗಾಗಲೇ ನೋಂದಣಿಯಾಗಿದೆ’ ಎಂಬುದು. ಅದರ ಬೆನ್ನಿಗೇ ನೋಂದಣಿ ಮಾಡಿಕೊಡುವ ಕಂಪನಿಯು ಕೆಲವು ಪರ್ಯಾಯಗಳನ್ನು ಸೂಚಿಸುತ್ತದೆ. ಅದೇ ಎರಡು ಪದಗಳ ನಡುವೆ ಒಂದು ಅಡ್ಡಗೆರೆಯನ್ನು, ಅಂದರೆ ಹೈಫನ್ನನ್ನು, ಸೇರಿಸಿದ ರೂಪವೂ ಅವುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಹೆಸರು ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಅದನ್ನೇ ಕೊಳ್ಳುವವರು ಬಹಳ ಮಂದಿ. ವರ್ಷಕ್ಕೆ ತಗಲುವ ವೆಚ್ಚ ಅಲ್ಪವಾದರೂ ಆ ಹೆಸರು ಮುಂದೆ ಬಿಲ್ಲು, ಲೆಟರ್‌ಹೆಡ್, ರಟ್ಟಿನ ಪೆಟ್ಟಿಗೆ, ಅಂಗಡಿಯ ಫಲಕ, ಸರಕು ಸಾಗಿಸುವ ವಾಹನದ ಮೈ ಎಲ್ಲವನ್ನೂ ಏರುತ್ತದೆ. ಹತ್ತು ವರ್ಷಗಳ ನಂತರ ಅದನ್ನು ಬದಲಾಯಿಸುವುದು ಕೊಳ್ಳುವಷ್ಟು ಸುಲಭವಲ್ಲ.

ಡೊಮೈನ್ ಹೆಸರಿನಲ್ಲಿ ಬಳಸಬಹುದಾದ ಚಿಹ್ನೆಗಳ ನಿಯಮ ಅಂತರಜಾಲದ ಆರಂಭದ ದಿನಗಳಷ್ಟು ಹಳೆಯದು. ಮೊದಲ ಡಾಟ್ ಕಾಮ್ ಹೆಸರಾದ ಸಿಂಬಾಲಿಕ್ಸ್ ಡಾಟ್ ಕಾಮ್ 1985ರ ಮಾರ್ಚ್ 15ರಂದು ನೋಂದಣಿಯಾಯಿತು. ಅದೇ ವರ್ಷ ಪ್ರಕಟವಾದ ಆರ್‌ಎಫ್‌ಸಿ 952 ಎಂಬ ತಾಂತ್ರಿಕ ದಾಖಲೆಯು ಇಂಗ್ಲಿಷಿನ ಅಕ್ಷರಗಳು, ಅಂಕಿಗಳು ಹಾಗೂ ಹೈಫನ್ ಇವಿಷ್ಟನ್ನೇ ಹೆಸರಿನ ಭಾಗಗಳಲ್ಲಿ ಅಂಗೀಕರಿಸಿತು. ಪದಗಳ ನಡುವೆ ಖಾಲಿ ಜಾಗಕ್ಕೆ ಅವಕಾಶವಿಲ್ಲದ ಕಾರಣ ಹೈಫನ್ ಆ ಕೊರತೆಯನ್ನು ತುಂಬುವ ಏಕೈಕ ಚಿಹ್ನೆಯಾಯಿತು. ಚುಕ್ಕಿಗೆ ಮುಂಚಿನ ಭಾಗ 63 ಚಿಹ್ನೆಗಳನ್ನು ಮೀರುವಂತಿಲ್ಲ. ಹೈಫನ್ ಕೂಡ ಒಂದು ಚಿಹ್ನೆಯೆಂದೇ ಗಣನೆಗೆ ಬರುತ್ತದೆ. ಹೆಸರಿನ ಆದಿಯಲ್ಲಾಗಲಿ ಅಂತ್ಯದಲ್ಲಾಗಲಿ ಅದನ್ನು ಇರಿಸುವಂತಿಲ್ಲ. ಕೀಲಿಮಣೆಯಲ್ಲಿ ಅದೇ ಕೀಲಿಯ ಮೇಲಿರುವ ಕೆಳಗೆರೆಗೆ, ಅಂದರೆ ಅಂಡರ್‌ಸ್ಕೋರ್‌ಗೆ, ನೋಂದಾಯಿಸುವ ಹೆಸರಿನಲ್ಲಿ ಸ್ಥಾನವಿಲ್ಲ.

ಮೂರನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಒಟ್ಟಿಗೆ ಎರಡು ಹೈಫನ್ ಬರುವ ಹೆಸರುಗಳನ್ನು ವಿಶೇಷ ಉಪಯೋಗಕ್ಕಾಗಿ ಕಾದಿರಿಸಲಾಗಿದೆ. ಭಾರತೀಯ ಭಾಷೆಗಳೂ ಸೇರಿದಂತೆ ಇಂಗ್ಲಿಷೇತರ ಲಿಪಿಗಳ ಹೆಸರುಗಳನ್ನು ಯಂತ್ರಗಳು ತಮ್ಮೊಳಗೆ ‘ಎಕ್ಸ್’, ‘ಎನ್’ ಎಂಬ ಎರಡು ಅಕ್ಷರ ಹಾಗೂ ಎರಡು ಹೈಫನ್‌ಗಳಿಂದ ಆರಂಭವಾಗುವ ಸಂಕೇತವಾಗಿ ಪರಿವರ್ತಿಸಿಕೊಳ್ಳುತ್ತವೆ. ಕನ್ನಡ ಲಿಪಿಯ ‘ಡಾಟ್ ಭಾರತ’ ವಿಳಾಸವೂ ಒಳಗಿಂದೊಳಗೆ ಇಂತಹುದೇ ಸಂಕೇತ. ಕನ್ನಡದ ವಿಳಾಸವೊಂದನ್ನು ನಕಲು ಮಾಡಿದಾಗ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣಿಸಿಕೊಂಡರೆ ಗಾಬರಿಯಾಗಬೇಕಾಗಿಲ್ಲ.

ಬಾಯಿಮಾತಿನ ತೊಡಕು

ಹೈಫನ್ ಕಣ್ಣಿಗೆ ಸಹಾಯಕ, ಕಿವಿಗೆ ತೊಡಕು. ನಮ್ಮ ಮಾರುಕಟ್ಟೆಗಳಲ್ಲಿ ವಿಳಾಸ ಇಂದಿಗೂ ಬಹುಪಾಲು ಬಾಯಿಂದ ಕಿವಿಗೆ ಸಾಗುತ್ತದೆ. ದೂರವಾಣಿಯಲ್ಲಿ ಅದನ್ನು ಹೇಳುವಾಗ ಒಬ್ಬರು ‘ಹೈಫನ್’ ಎಂದರೆ ಇನ್ನೊಬ್ಬರು ‘ಡ್ಯಾಶ್’ ಎನ್ನುತ್ತಾರೆ, ಮತ್ತೊಬ್ಬರು ‘ಮೈನಸ್’ ಎನ್ನುತ್ತಾರೆ. ‘ಮಧ್ಯದಲ್ಲಿ ಒಂದು ಗೆರೆ’ ಎಂದು ಕೇಳಿಸಿಕೊಂಡವರು ಕೆಳಗೆರೆಯನ್ನು ಒತ್ತುವುದುಂಟು. ಕೆಲವರಂತೂ ‘ಡ್ಯಾಶ್’ ಎಂಬ ಪದವನ್ನೇ ಅಕ್ಷರ ಅಕ್ಷರವಾಗಿ ಬರೆದುಕೊಳ್ಳುತ್ತಾರೆ.

ಕನ್ನಡದ ಹೆಸರುಗಳಿಗೆ ಇನ್ನೂ ಒಂದು ಕಷ್ಟವಿದೆ. ‘ಶ್ರೀ’ ಎಂಬುದನ್ನು ಇಂಗ್ಲಿಷಿನಲ್ಲಿ ಕನಿಷ್ಠ ಮೂರು ಬಗೆಯಲ್ಲಿ, ‘ಲಕ್ಷ್ಮಿ’ ಎಂಬುದನ್ನು ಕನಿಷ್ಠ ಎರಡು ಬಗೆಯಲ್ಲಿ ಬರೆಯುವ ರೂಢಿ ಇದೆ. ಆದ್ದರಿಂದ ‘ಶ್ರೀಲಕ್ಷ್ಮಿ’ ಎಂಬ ಸರಳ ಹೆಸರಿಗೇ ಆರು ರೂಪಗಳಾದವು. ಹೈಫನ್ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ ಎಂಬ ಅನುಮಾನ ಸೇರಿದೊಡನೆ ಅದು ಹನ್ನೆರಡಾಗುತ್ತದೆ. ಗ್ರಾಹಕನು ಇವುಗಳಲ್ಲಿ ಸರಿಯಾದ ಒಂದನ್ನೇ ಊಹಿಸಬೇಕೆಂದು ನಿರೀಕ್ಷಿಸುವುದು ಹೆಚ್ಚಾಯಿತು.

ಮುದ್ರಣದಲ್ಲಿಯೂ ಅಪಾಯವಿದೆ. ಪತ್ರಿಕೆಗಳ ಕಿರಿದಾದ ಅಂಕಣಗಳಲ್ಲಿ ಉದ್ದನೆಯ ಪದ ಸಾಲಿನ ಕೊನೆಗೆ ಬಂದಾಗ ಅದನ್ನು ಅಡ್ಡಗೆರೆಯಿಂದ ತುಂಡರಿಸುವುದು ಹಳೆಯ ಪದ್ಧತಿ. ಹೈಫನ್ ಉಳ್ಳ ವಿಳಾಸ ಸರಿಯಾಗಿ ಅಲ್ಲಿಯೇ ಮುರಿದರೆ ಓದುಗನು ಅದನ್ನು ಸಾಲು ಮುರಿದ ಗುರುತೆಂದು ತಿಳಿದು ಬಿಟ್ಟುಬಿಡುತ್ತಾನೆ. ಹೈಫನ್ ಇಲ್ಲದ ವಿಳಾಸವನ್ನು ಅಚ್ಚು ಜೋಡಿಸುವವರು ತಾವಾಗಿ ಮುರಿದರೆ, ಇಲ್ಲದ ಗೆರೆಯನ್ನು ಓದುಗ ಸೇರಿಸಿಕೊಳ್ಳುತ್ತಾನೆ. ಜಾಹೀರಾತು ನೀಡುವಾಗ ವಿಳಾಸವನ್ನು ಒಂದೇ ಸಾಲಿನಲ್ಲಿ ಇರಿಸಬೇಕೆಂದು ಲಿಖಿತವಾಗಿ ತಿಳಿಸುವುದು ಒಳಿತು. ಪದಸಂಸ್ಕಾರಕ ತಂತ್ರಾಂಶಗಳು ಹೈಫನ್ನನ್ನು ಕೆಲವೊಮ್ಮೆ ತಾವಾಗಿಯೇ ಉದ್ದ ಗೆರೆಯಾಗಿ ಬದಲಾಯಿಸುತ್ತವೆ. ಆ ಉದ್ದ ಗೆರೆಯನ್ನು ವಿಳಾಸದ ಭಾಗವಾಗಿ ನಕಲು ಮಾಡಿದರೆ ತಾಣ ತೆರೆಯುವುದಿಲ್ಲ.

ಅಡ್ಡಗೆರೆ ಸಲ್ಲುವ ಸಂದರ್ಭಗಳು

ಇಷ್ಟಾದರೂ ಹೈಫನ್ ಸರ್ವಥಾ ತ್ಯಾಜ್ಯವೆಂದು ಹೇಳಲಾಗದು. ಎರಡು ಪದಗಳು ಕೂಡುವ ಜಾಗದಲ್ಲಿ ಒಂದೇ ಅಕ್ಷರ ಪುನರಾವರ್ತನೆಯಾದಾಗ ಓದುಗ ಎಡವುತ್ತಾನೆ. ‘ರಾಜಾ’ ಮತ್ತು ‘ಅಗರಬತ್ತಿ’ ಎಂಬ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಿದರೆ ನಡುವೆ ಎರಡು ‘ಎ’ ಒಟ್ಟಿಗೆ ನಿಲ್ಲುತ್ತವೆ. ಸವರ್ಣದೀರ್ಘ ಸಂಧಿಗೆ ಒಗ್ಗಿದ ನಮ್ಮ ಕಿವಿ ಅವುಗಳಲ್ಲಿ ಒಂದನ್ನು ನುಂಗಿಬಿಡುತ್ತದೆ. ‘ಗ್ಲಾಸ್’ ಮತ್ತು ‘ಸಪ್ಲೈ’ ಪದಗಳು ಸೇರಿದರೆ ಮೂರು ‘ಎಸ್’ ಸಾಲಾಗಿ ಬರುತ್ತವೆ. ಇಂತಹ ಹೆಸರಿಗೆ ಹೈಫನ್ ಉಪಕಾರಿ. ಹೆಸರನ್ನೇ ಬೇರೆ ಮಾಡಿಕೊಳ್ಳುವುದು ಇನ್ನೂ ಉಪಕಾರಿ.

ಪದಗಳು ಕೂಡಿದಾಗ ಅಪಾರ್ಥ ಹುಟ್ಟುವುದೂ ಉಂಟು. ತಂತ್ರಜ್ಞರ ಪ್ರಶ್ನೋತ್ತರಕ್ಕೆ ಹೆಸರಾದ ‘ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್’ ಸಂಸ್ಥೆ ಮೊದಲಿಗೆ ಎರಡು ಪದಗಳನ್ನೂ ಕೂಡಿಸಿ ಬಳಸಿತ್ತು. ಒಂದು ಅಕ್ಷರದ ಆಚೀಚೆ ಒಡೆದು ಓದಿದರೆ ಅದು ಲಿಂಗ ಪರಿವರ್ತನೆಯ ತಜ್ಞರ ತಾಣವೆಂಬ ಅರ್ಥ ಕೊಡುತ್ತಿದ್ದುದರಿಂದ ಹಾಸ್ಯಕ್ಕೆ ಗುರಿಯಾಯಿತು. ಮುಂದೆ ಸಂಸ್ಥೆಯು ನಡುವೆ ಹೈಫನ್ ಇರುವ ವಿಳಾಸಕ್ಕೆ ಬದಲಾಯಿತು. ಹೊಸ ಹೆಸರನ್ನು ನೋಂದಾಯಿಸುವ ಮುನ್ನ ಅದನ್ನು ಸಣ್ಣ ಅಕ್ಷರಗಳಲ್ಲಿ ಒತ್ತಾಗಿ ಬರೆದು, ಸಂಸ್ಥೆಯ ಪರಿಚಯವಿಲ್ಲದ ನಾಲ್ವರಿಂದ ಓದಿಸುವುದಕ್ಕೆ ಖರ್ಚೇನೂ ಇಲ್ಲ.

ವ್ಯಾಪಾರದ ಹೆಸರಿನಲ್ಲಿಯೇ ಹೈಫನ್ ನೆಲೆಸಿದ್ದರೆ ವಿಳಾಸದಲ್ಲಿಯೂ ಅದು ಸಹಜ. ಕೋಕಾ-ಕೋಲಾ, ಮರ್ಸಿಡಿಸ್-ಬೆಂಜ್, ಹಾರ್ಲೆ-ಡೇವಿಡ್‌ಸನ್ ಸಂಸ್ಥೆಗಳ ವಿಳಾಸಗಳು ಹೈಫನ್ ಸಹಿತವಾಗಿಯೇ ಇವೆ. ಜರ್ಮನಿಯಲ್ಲಿ ಹೈಫನ್ ಬಳಕೆ ಸಾಮಾನ್ಯ. ಡಾಯ್ಚೆ ಬ್ಯಾಂಕ್ ಕೂಡ ಎರಡು ಪದಗಳ ನಡುವೆ ಗೆರೆ ಎಳೆದ ವಿಳಾಸವನ್ನು ಇಟ್ಟುಕೊಂಡಿದೆ. ಉದ್ದುದ್ದ ಸಮಾಸಪದಗಳ ಆ ಭಾಷೆಯ ಗ್ರಾಹಕರಿಗೆ ಅದು ರೂಢಿಯಾಗಿದೆ. ನಮ್ಮ ಗ್ರಾಹಕರಿಗೆ ಅಂತಹ ರೂಢಿ ಇಲ್ಲವೆಂಬುದನ್ನು ಮರೆಯಬಾರದು.

ಹೈಫನ್ ಇದ್ದರೆ ಶೋಧಯಂತ್ರಗಳಲ್ಲಿ ಮೇಲಿನ ಸ್ಥಾನ ದೊರೆಯುವುದೆಂಬ ನಂಬಿಕೆಯೊಂದು ಬಹುಕಾಲ ಪ್ರಚಾರದಲ್ಲಿತ್ತು. ಹೈಫನ್ ಪದಗಳನ್ನು ಬೇರ್ಪಡಿಸಿ ತೋರಿಸುತ್ತದೆ ಎಂಬುದು ನಿಜ. ಪುಟಗಳ ವಿಳಾಸದಲ್ಲಿ ಕೆಳಗೆರೆಗಿಂತ ಹೈಫನ್ನೇ ಲೇಸೆಂದು ಗೂಗಲ್ ಕೂಡ ಹೇಳುತ್ತದೆ. ಆದರೆ ಆ ಸಲಹೆ ಚುಕ್ಕಿಯ ನಂತರದ ಪುಟಗಳ ಹೆಸರಿಗೆ ಸಂಬಂಧಿಸಿದ್ದು. ಹುಡುಕುವ ಪದಗಳನ್ನೇ ಡೊಮೈನ್ ಹೆಸರಾಗಿಸಿಕೊಂಡ ಕಳಪೆ ತಾಣಗಳ ಮೇಲಾಟವನ್ನು ಗೂಗಲ್ 2012ರ ಸೆಪ್ಟೆಂಬರ್‌ನಲ್ಲಿಯೇ ತಗ್ಗಿಸಿತು. ಮೂರು ನಾಲ್ಕು ಹೈಫನ್ ಹಾಕಿ ಸರಕಿನ ಹೆಸರುಗಳನ್ನೆಲ್ಲ ಪೋಣಿಸಿದ ವಿಳಾಸವನ್ನು ಇಂದು ಯಾರಾದರೂ ಮಾರಲು ಬಂದರೆ ಕೊಳ್ಳದಿರುವುದೇ ಲಾಭ.

ಹೈಫನ್ ಇಲ್ಲದ ಹೆಸರು ಯಾರದು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಹೈಫನ್ ಇಲ್ಲದ ರೂಪ ಬೇರೆಯವರ ಕೈಯಲ್ಲಿದ್ದರೆ, ಗೆರೆಯನ್ನು ಮರೆತ ಗ್ರಾಹಕ ಅವರ ಬಾಗಿಲಿಗೆ ಹೋಗುತ್ತಾನೆ. ತಾಣಕ್ಕೆ ಹೋದವನು ತಪ್ಪನ್ನು ಕಂಡು ಹಿಂದಿರುಗಬಹುದು. ಇ-ಮೇಲ್ ಹಾಗಲ್ಲ. ದರಪಟ್ಟಿ, ಖರೀದಿ ಆದೇಶ, ಬ್ಯಾಂಕ್ ಖಾತೆಯ ವಿವರ ಇವೆಲ್ಲ ಸದ್ದಿಲ್ಲದೆ ಅನ್ಯರ ಪೆಟ್ಟಿಗೆಯನ್ನು ಸೇರಬಹುದು. ಯಾವ ಹೆಸರಿಗೆ ಬಂದರೂ ಎಲ್ಲ ಪತ್ರಗಳನ್ನೂ ಸ್ವೀಕರಿಸುವಂತೆ ಡೊಮೈನನ್ನು ಅಣಿಗೊಳಿಸಲು ಅದರ ಮಾಲೀಕನಿಗೆ ಸಾಧ್ಯವಿದೆ. ಹಾಗೆ ಮಾಡಿದಲ್ಲಿ ಕಳುಹಿಸಿದವನಿಗೆ ಪತ್ರ ಹಿಂದಿರುಗುವುದೂ ಇಲ್ಲ. ವಂಚಕರು ಇದನ್ನು ತಿರುವುಮುರುವಾಗಿಯೂ ಬಳಸುತ್ತಾರೆ. ಹೈಫನ್ ಇಲ್ಲದ ಸಂಸ್ಥೆಯ ಹೆಸರಿಗೆ ಒಂದು ಗೆರೆ ಸೇರಿಸಿ ನೋಂದಾಯಿಸಿ, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿಯನ್ನು ಹೊಸ ಖಾತೆಗೆ ಪಾವತಿಸಿ’ ಎಂದು ಖರೀದಿದಾರರಿಗೆ ಬರೆಯುವುದು ತಿಳಿದ ತಂತ್ರವೇ. ಬ್ಯಾಂಕುಗಳ ಹೆಸರನ್ನು ಅನುಕರಿಸುವ ಇಂತಹ ವಿಳಾಸಗಳ ಹಾವಳಿಯನ್ನು ತಡೆಯಲೆಂದು ಭಾರತೀಯ ರಿಸರ್ವ್ ಬ್ಯಾಂಕ್ 2025ರಲ್ಲಿ ಭಾರತದ ಬ್ಯಾಂಕುಗಳಿಗಾಗಿಯೇ ‘ಬ್ಯಾಂಕ್ ಡಾಟ್ ಇನ್’ ಎಂಬ ಪ್ರತ್ಯೇಕ ನೆಲೆಯನ್ನು ಜಾರಿಗೆ ತಂದಿತು. ಸಾಮಾನ್ಯ ವರ್ತಕನಿಗೆ ಅಂತಹ ಬೇಲಿ ಇಲ್ಲ; ಖಾತೆ ಬದಲಾವಣೆಯ ಪತ್ರ ಬಂದಾಗ ಮೊದಲಿನಿಂದ ಗೊತ್ತಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ವಿಚಾರಿಸುವುದೊಂದೇ ದಾರಿ.

ಕಾನೂನಿನ ದೃಷ್ಟಿಯಿಂದಲೂ ಹೈಫನ್ ರಕ್ಷಣೆ ನೀಡದು. ಈ ವಿಷಯದ ಪ್ರಮುಖ ತೀರ್ಪು ಬೆಂಗಳೂರಿನಲ್ಲಿ ಆರಂಭವಾದ ವ್ಯಾಜ್ಯವೊಂದರಿಂದ ಬಂದಿತು. ಸತ್ಯಂ ಇನ್ಫೋವೇ ಸಂಸ್ಥೆಯು ತನ್ನ ಹೆಸರಿನ ಅಕ್ಷರಗಳಿಂದ ‘ಸಿಫಿ’ ಎಂಬ ಪದವನ್ನು ರಚಿಸಿಕೊಂಡು ಸಿಫಿನೆಟ್ ಮೊದಲಾದ ಡೊಮೈನ್‌ಗಳನ್ನು ಹೊಂದಿತ್ತು. ಸಿಫಿನೆಟ್ ಸೊಲ್ಯೂಷನ್ಸ್ ಎಂಬ ಇನ್ನೊಂದು ಸಂಸ್ಥೆ ಇಂಗ್ಲಿಷಿನಲ್ಲಿ ಒಂದು ‘ಎಫ್’ ಹೆಚ್ಚಾಗಿ ಸೇರಿಸಿದ ವಿಳಾಸಗಳನ್ನು ಬಳಸತೊಡಗಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ಸತ್ಯಂ ಪರವಾಗಿ ತಾತ್ಕಾಲಿಕ ಪ್ರತಿಬಂಧಕಾಜ್ಞೆ ನೀಡಿತು. ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಸುಪ್ರೀಂ ಕೋರ್ಟ್ 2004ರ ಮೇ 6ರಂದು ಸಿವಿಲ್ ನ್ಯಾಯಾಲಯದ ಆದೇಶವನ್ನೇ ಎತ್ತಿಹಿಡಿಯಿತು. ಡೊಮೈನ್ ಹೆಸರಿಗೆ ವ್ಯಾಪಾರ ಚಿಹ್ನೆಯ ಲಕ್ಷಣಗಳಿವೆ, ತನ್ನ ಸರಕನ್ನು ಅನ್ಯರದೆಂಬಂತೆ ಸಾಗಿಸುವುದರ ವಿರುದ್ಧದ ಕಾನೂನು ಅದಕ್ಕೂ ಅನ್ವಯಿಸುತ್ತದೆ ಎಂಬುದು ಆ ತೀರ್ಪಿನ ಸಾರ. ಉಚ್ಚಾರದಲ್ಲಿ ಕೇಳಿಸಬಹುದಾದ ಒಂದು ಅಕ್ಷರವೇ ಸಾಲದಾದಾಗ, ಉಚ್ಚಾರಕ್ಕೇ ಬಾರದ ಗೆರೆಯನ್ನು ನಂಬುವುದು ಹೇಗೆ?

ಆದ್ದರಿಂದ ಹೈಫನ್ ಇಲ್ಲದ ಹೆಸರಿನವರು ಅದೇ ಬಗೆಯ ವ್ಯಾಪಾರದಲ್ಲಿದ್ದರೆ ಹೈಫನ್ ರೂಪದ ಆಸೆಯನ್ನು ಬಿಡುವುದೇ ಕ್ಷೇಮ. ಡಾಟ್ ಇನ್ ಹೆಸರುಗಳ ವಿವಾದಗಳಿಗೆ 2005ರಿಂದ ಪ್ರತ್ಯೇಕ ಪಂಚಾಯ್ತಿ ವ್ಯವಸ್ಥೆ ಇದೆ. ಡಾಟ್ ಕಾಮ್ ಹೆಸರುಗಳಿಗೆ 1999ರ ಅಂತರರಾಷ್ಟ್ರೀಯ ನೀತಿ ಅನ್ವಯಿಸುತ್ತದೆ. ಎರಡರಲ್ಲಿಯೂ ಹೆಸರು ರದ್ದಾಗಬಹುದು ಅಥವಾ ಎದುರಾಳಿಗೆ ವರ್ಗವಾಗಬಹುದು. ನೋಂದಣಿಗೆ ಮುನ್ನ ವ್ಯಾಪಾರ ಚಿಹ್ನೆಗಳ ನೋಂದಣಿ ಕಚೇರಿಯ ಜಾಲತಾಣದಲ್ಲಿ ಹೆಸರನ್ನು ಹುಡುಕಿ ನೋಡಬೇಕು.

ಎರಡು ರೂಪಗಳೂ ಖಾಲಿ ಇದ್ದರೆ ಎರಡನ್ನೂ ಕೊಂಡು, ಹೈಫನ್ ಇಲ್ಲದ್ದನ್ನು ಪ್ರಕಟಿಸಿ, ಹೈಫನ್ ಇರುವುದನ್ನು ಅದರೆಡೆಗೆ ಶಾಶ್ವತವಾಗಿ ತಿರುಗಿಸುವುದು ಉತ್ತಮ. ಎರಡನ್ನೂ ಸಂಸ್ಥೆಯ ಹೆಸರಿನಲ್ಲಿಯೇ ನೋಂದಾಯಿಸಬೇಕೇ ಹೊರತು ತಾಣ ರೂಪಿಸಿಕೊಟ್ಟವರ ಹೆಸರಿನಲ್ಲಲ್ಲ.

ಈಗಾಗಲೇ ಹೈಫನ್ ಉಳ್ಳ ವಿಳಾಸದಿಂದ ವರ್ಷಗಟ್ಟಲೆ ವ್ಯವಹರಿಸಿದವರು ಅವಸರದಲ್ಲಿ ಅದನ್ನು ಕೈಬಿಡಬಾರದು. ಹೈಫನ್ ಇಲ್ಲದ ರೂಪ ಮುಂದೆಂದಾದರೂ ದೊರೆತು ಅದಕ್ಕೆ ಸ್ಥಳಾಂತರಗೊಂಡರೂ ಹಳೆಯದನ್ನು ನವೀಕರಿಸುತ್ತಲೇ ಇರಬೇಕು. ಹಳೆಯ ಡೊಮೈನಿನ ಇ-ಮೇಲ್ ವಿಳಾಸಗಳು ಬ್ಯಾಂಕು, ತೆರಿಗೆ ಇಲಾಖೆ, ಸರಬರಾಜುದಾರರ ದಾಖಲೆಗಳಲ್ಲಿ ಉಳಿದಿರುತ್ತವೆ. ನವೀಕರಣ ತಪ್ಪಿದ ಹೆಸರನ್ನು ಯಾರು ಬೇಕಾದರೂ ಕೊಂಡು, ಆ ವಿಳಾಸಗಳನ್ನು ಮರುಸೃಷ್ಟಿಸಿ, ಗುಪ್ತಪದ ಬದಲಾವಣೆಯ ಸಂದೇಶಗಳನ್ನು ತಮ್ಮ ಕಡೆಗೆ ತರಿಸಿಕೊಳ್ಳಲು ಸಾಧ್ಯವಿದೆ.