ಹೊಕ್ಕುಳಬಳ್ಳಿಯ ರಕ್ತದ ಶೀತನಿದ್ರೆ

ಪ್ರಶ್ನೆ: ನನ್ನ ಮಗಳಿಗೆ ಇದು ಏಳನೆಯ ತಿಂಗಳು. ಹೊಕ್ಕುಳಬಳ್ಳಿಯ ರಕ್ತವನ್ನು ಶೈತ್ಯದಲ್ಲಿ ಕಾಪಿಟ್ಟರೆ ಮುಂದೆ ಮಗುವಿನ ಯಾವ ಕಾಯಿಲೆಗಾದರೂ ಒದಗುವುದೆಂದು ಖಾಸಗಿ ಬ್ಯಾಂಕಿನವರೊಬ್ಬರು ಹೇಳಿಹೋದರು. ಮಂಜಾದ ಜೀವಕೋಶ ಬದುಕಿರುವುದುಂಟೆ? ಹಣ ಕಟ್ಟಬಹುದೆ?
— ಓರ್ವ ತಾಯಿ, ಶಿವಮೊಗ್ಗ

ಉತ್ತರ: ಬದುಕಿರುವುದುಂಟು, ತಾಯಿ. ಶೈತ್ಯದಲ್ಲಿ ಕೋಶಕ್ಕೆ ಮೃತ್ಯುವಾಗಿ ಪರಿಣಮಿಸುವುದು ಅದರೊಳಗಿನ ನೀರೇ: ಅತಿವೇಗದಿಂದ ತಣಿಸಿದರೆ ಆ ನೀರು ಒಳಗೇ ಹರಳುಗಟ್ಟಿ ಕೋಶವನ್ನು ಸೀಳುವುದು, ತೀರ ನಿಧಾನಿಸಿದರೆ ನೀರೆಲ್ಲ ಹೊರಕ್ಕೆ ಜಿನುಗಿ, ಉಳಿದ ಲವಣದ ಸಾಂದ್ರತೆಯಲ್ಲಿ ಕೋಶವು ತಮ್ಮ ಮಲೆನಾಡಿನ ಭರಣಿಯ ಅಪ್ಪೆಮಿಡಿಯಂತೆ ಮುರುಟಿಹೋಗುವುದು. ಈ ಎರಡು ಸಾವುಗಳ ನಡುವಣ ಹಾದಿ 1949ರಲ್ಲಿ ಲಂಡನ್ನಿನ ಮಿಲ್ ಹಿಲ್ ಪ್ರಯೋಗಶಾಲೆಯಲ್ಲಿ ತೋರಿತು, ಅದೂ ಒಂದು ಪ್ರಮಾದದಿಂದ. ಹುಂಜದ ವೀರ್ಯಾಣುಗಳನ್ನು ಸಕ್ಕರೆಯ ದ್ರಾವಣದಲ್ಲಿ ಶೀತೀಕರಿಸಲೆಳಸಿ ಸೋತಿದ್ದ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ವಿಜ್ಞಾನಿಗಳಿಗೆ ಒಮ್ಮೆ ಅನಿರೀಕ್ಷಿತವಾಗಿ ಜಯ ಲಭಿಸಲು, ಸೀಸೆಯನ್ನು ಪರೀಕ್ಷಿಸಲಾಗಿ, ಚೀಟಿಗಳ ಗೊಂದಲದಿಂದ ಸಕ್ಕರೆಯ ಸ್ಥಾನದಲ್ಲಿ ಗ್ಲಿಸರಿನ್ ಬಂದಿತ್ತು! (ನಮ್ಮ ಔಷಧಾಲಯಗಳಲ್ಲಿ ಚೀಟಿ ತಪ್ಪಿದರೆ ಇಷ್ಟು ಸುಖಾಂತವಾಗುವುದಿಲ್ಲ.) ಇಂದು ಹೊಕ್ಕುಳಬಳ್ಳಿಯ ರಕ್ತಕ್ಕೆ ಸಾಮಾನ್ಯವಾಗಿ ಗ್ಲಿಸರಿನ್ನಿನ ಬದಲು ಡೈಮಿಥೈಲ್ ಸಲ್ಫಾಕ್ಸೈಡ್ ಎಂಬ ರಕ್ಷಕದ್ರವವನ್ನು ಬೆರೆಸಿ, ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ತಣಿಸಿ, ಕಡೆಗೆ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ನಿನ ತೊಟ್ಟಿಯಲ್ಲಿ ಇಡುತ್ತಾರೆ, ಅಲ್ಲಿ ಜೀವವ್ಯಾಪಾರವೆಲ್ಲ ಸ್ತಬ್ಧ. ಎಬ್ಬಿಸುವಾಗ ಮಾತ್ರ ತ್ವರೆ ಬೇಕು: 37 ಡಿಗ್ರಿಯ ನೀರಿನಲ್ಲಿ ಕ್ಷಿಪ್ರವಾಗಿ ಕರಗಿಸತಕ್ಕದ್ದು.

ಹಣದ ಮಾತು ಬೇರೆ. 1988ರಲ್ಲಿ ಪ್ಯಾರಿಸ್ಸಿನಲ್ಲಿ ಡಾ. ಎಲಿಯಾನ್ ಗ್ಲಕ್‌ಮನ್ ಅವರು ಫ್ಯಾಂಕೋನಿ ರಕ್ತಹೀನತೆಯಿಂದ ಬಳಲುತ್ತಿದ್ದ ಬಾಲಕನಿಗೆ ಇಂಥ ರಕ್ತವನ್ನೇ ಕೊಟ್ಟು ಬದುಕಿಸಿದುದು ಸತ್ಯವೇ ಆದರೂ, ಆ ರಕ್ತ ಅವನದಾಗಿರಲಿಲ್ಲ, ನವಜಾತ ತಂಗಿಯದಾಗಿತ್ತು. ಹುಟ್ಟಿನಿಂದಲೇ ವಂಶವಾಹಿಯಲ್ಲಿ ದೋಷವಿರುವ ಮಗುವಿಗೆ ಅದರದೇ ರಕ್ತವನ್ನು ಮರಳಿ ಕೊಡುವುದು ಹುಳುಕು ಬೀಜವನ್ನೇ ಮರಳಿ ಬಿತ್ತಿದಂತೆ. ಮೇಲಾಗಿ, ಒಂದು ಬಳ್ಳಿಯಲ್ಲಿ ದೊರೆಯುವ ಕೋಶಗಳು ಬೆಳೆದ ದೇಹಕ್ಕೆ ಅನೇಕ ವೇಳೆ ಸಾಲವು. ಆದುದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಭವಿಷ್ಯದ ವಿಮೆಯೆಂಬಂತೆ ಖಾಸಗಿಯಾಗಿ ಶೇಖರಿಸಿಡುವುದನ್ನು ಶಿಫಾರಸು ಮಾಡಿಲ್ಲ. ತಮ್ಮ ಮಗಳ ಮೊದಲ ಮಗುವಿಗೆ ಥಲಸ್ಸೀಮಿಯದಂಥ ವ್ಯಾಧಿಯಿದ್ದರೆ ಪ್ರಶ್ನೆ ಬೇರೆಯಾಗುತ್ತದೆ. ಆಗ ರಕ್ತತಜ್ಞರನ್ನು ಹೆರಿಗೆಗೆ ಮುಂಚೆಯೇ ಕಾಣಿರಿ.

ಅಂಥದೇನೂ ಇಲ್ಲವಾದರೆ ಹಣ ಕಟ್ಟಬೇಡಿ. ಬದಲಿಗೆ, ಮಗು ಹುಟ್ಟಿದೊಡನೆ, ತುರ್ತು ಕಾರಣವಿಲ್ಲದಿದ್ದರೆ, ಬಳ್ಳಿಯನ್ನು ಬಿಗಿಯಲು ಒಂದು ನಿಮಿಷವಾದರೂ ತಡೆಯುವಂತೆ ಹೆರಿಗೆಯ ವೈದ್ಯರನ್ನು ಈಗಲೇ ಕೇಳಿಕೊಳ್ಳಿ. ಅಷ್ಟರಲ್ಲಿ ಆ ರಕ್ತದ ಗಣನೀಯ ಭಾಗ, ಕಬ್ಬಿಣಾಂಶದೊಡನೆ, ಮಗುವಿನ ಮೈಗೇ ಸೇರುವುದು.