ವಿಳಾಸ ಒಂದೇ, ಪ್ರೊಸೆಸರ್ ಬೇರೆ

ಬಿಬಿಸಿ ಮೈಕ್ರೊಗೆಂದು ಬರೆದ ಬೇಸಿಕ್ ಪ್ರೋಗ್ರಾಮುಗಳನ್ನು ಎಮ್ಯುಲೇಟರಿನಲ್ಲಿ ಓಡಿಸುತ್ತಿದ್ದೀಯ ಎಂದು ಕೇಳಿ ತುಂಬ ಸಂತೋಷವಾಯಿತು ಮಗಳೇ. ಒಂದು ಮಾತು ನೆನಪಿಡು: ಯಂತ್ರದಿಂದ ಏನೇ ಕೆಲಸ ಆಗಬೇಕಿದ್ದರೂ ಆಪರೇಟಿಂಗ್ ಸಿಸ್ಟಮ್ಮನ್ನು ಕೇಳಿ ಮಾಡಿಸು, ನೀನೇ ಮೆಮೊರಿಗೆ ಕೈ ಹಾಕಬೇಡ.

1981ರ ಆ ಯಂತ್ರದ್ದು 6502 ಪ್ರೊಸೆಸರ್. ಸೋಫಿ ವಿಲ್ಸನ್ ಬರೆದ ಬೇಸಿಕ್‌ನಲ್ಲಿ ಎ%, ಎಕ್ಸ್%, ವೈ%ಗಳಿಗೆ ಬೆಲೆ ಕೊಟ್ಟು ಕಾಲ್ ಅಥವಾ ಯುಎಸ್‌ಆರ್ ಬಳಸಿದರೆ ಅವು ಅದೇ ಹೆಸರಿನ ರಿಜಿಸ್ಟರುಗಳಿಗೆ ಇಳಿಯುತ್ತವೆ. ಆಪರೇಟಿಂಗ್ ಸಿಸ್ಟಮ್ಮಿನಿಂದ ಸಣ್ಣಪುಟ್ಟ ಕೆಲಸ ಮಾಡಿಸುವ ಓಎಸ್‌ಬೈಟ್ ರೂಟೀನಿನ ವಿಳಾಸ ಹೆಕ್ಸಾಡೆಸಿಮಲ್ ಎಫ್‌ಎಫ್‌ಎಫ್4. ಅಲ್ಲಿರುವುದು ಬರೀ ಮುಂಬಾಗಿಲು. 020ಎ ಎಂಬಲ್ಲಿ ಬರೆದಿಟ್ಟ ಜಾಗಕ್ಕೆ ಹಾರು ಎನ್ನುವ ಒಂದು ಆದೇಶ. ಒಳಗಿನ ಕೋಡ್ ಎಲ್ಲಿಗೆ ಸರಿದರೂ ಬಾಗಿಲು ಕದಲುವುದಿಲ್ಲ. ರೋಮ್ ಚಿಪ್ಪಿನೊಳಗೆ ಇಣುಕಿ ಅಸಲಿ ವಿಳಾಸ ಹುಡುಕಿ ನೇರ ಅಲ್ಲಿಗೇ ಹಾರುವ ಪ್ರೋಗ್ರಾಮು ಆ ಒಂದು ಆವೃತ್ತಿಗೇ ಕಟ್ಟುಬೀಳುತ್ತದೆ.

ಟ್ಯೂಬ್ ಎಂಬ ಸಂಪರ್ಕದ ಮೂಲಕ ಎರಡನೇ ಪ್ರೊಸೆಸರ್ ಜೋಡಿಸಿದರಂತೂ ಬೇಸಿಕ್ ಆಚೆ ಓಡುತ್ತದೆ, ಪರದೆಯ ಮೆಮೊರಿ ಈಚೆಯೇ ಉಳಿಯುತ್ತದೆ. ಆಗ ಪರದೆಗೆ ನೇರವಾಗಿ ಬರೆದದ್ದು ಎಲ್ಲೂ ಕಾಣದು. ಝಡ್80 ಜೋಡಿಸಿದ್ದರೆ ಎಕ್ಸ್, ವೈ ರಿಜಿಸ್ಟರುಗಳೇ ಇಲ್ಲ. ಆ ಕೆಲಸ ಎಲ್ ಮತ್ತು ಎಚ್‌ಗೆ ಬರುತ್ತದೆ. ಅದಕ್ಕೇ ಎಕ್ಸ್%ಗೆ ಕೊಟ್ಟ ಬೆಲೆಯನ್ನು ಎಲ್%ಗೂ ಕೊಡುವ ಅಭ್ಯಾಸ ಮಾಡಿಕೋ. ಯುಎಸ್‌ಆರ್ ತರುವ ಉತ್ತರದಲ್ಲಿ 6502ರ ಮಟ್ಟಿಗೆ ಕೆಳಗಿನ ಬೈಟು ಎ, ಅದರ ಮೇಲಿನದು ಎಕ್ಸ್. ಎಲ್ಲ ಪ್ರೊಸೆಸರಿನಲ್ಲೂ ಇದೇ ಜೋಡಣೆ ಎಂದು ನಂಬಿ ಕೂರಬೇಡ.

ಅದೇ ಸಾಲಿನ ಮುಂದಿನ ಕಂಪ್ಯೂಟರ್, 1987ರ ಆರ್ಕಿಮಿಡೀಸ್‌ಗೆ ಎಆರ್‌ಎಂ ಪ್ರೊಸೆಸರ್ ಬಂತು. ಅದರ ಆದೇಶಗಳ ಪಟ್ಟಿಯನ್ನು ರೂಪಿಸಿದವರೂ ವಿಲ್ಸನ್ ಅವರೇ. ಅಲ್ಲಿಯ ಬೇಸಿಕ್ ಹಳೆಯ ಎಫ್‌ಎಫ್‌ಎಫ್4 ಕರೆಯನ್ನು ಗುರುತಿಸಿ ಹೊಸ ವ್ಯವಸ್ಥೆಗೆ ಒಪ್ಪಿಸುತ್ತದೆ. ಹಳೆಯ ಪ್ರೋಗ್ರಾಮುಗಳ ಮೇಲಿನ ಆ ಕಾಳಜಿ ನನಗೆ ಇಂದಿಗೂ ದೊಡ್ಡದೆನಿಸುತ್ತದೆ. ಆದರೆ ಎಕ್ಸ್, ವೈ ಸೇರಿಸಿದರೂ 16 ಬಿಟ್ಟಿನ ವಿಳಾಸವಷ್ಟೇ ಹಿಡಿಯುತ್ತದೆ, ಎಆರ್‌ಎಂ ಮೆಮೊರಿ ಅದನ್ನು ಮೀರಿದ್ದು. ಹೊಸದಾಗಿ ಬರೆಯುವಾಗ ಅಲ್ಲಿಯ ಬೇಸಿಕ್‌ನ ಸಿಸ್ ಆದೇಶ ಬಳಸು. ರೂಟೀನನ್ನು ಹೆಸರು ಹಿಡಿದೇ ಕರೆಯಬಹುದು.

ಇಂಥ ಕರೆಗಳನ್ನು ಪ್ರೋಗ್ರಾಮಿನ ತುಂಬ ಚೆಲ್ಲದೆ ಒಂದೇ ಫಂಕ್ಷನ್ನಿನಲ್ಲಿ ಇಡು. ಪ್ರೊಸೆಸರ್ ಬದಲಾದಾಗ ತಿದ್ದುವ ಜಾಗ ಅದೊಂದೇ. ಮೊದಲು ಎ% ಸೊನ್ನೆ, ಎಕ್ಸ್% ಒಂದು ಮಾಡಿ ಓಎಸ್‌ಬೈಟ್ ಕರೆದು ನೋಡು. ಅದೇ ಸಾಲಿನ ಯಂತ್ರಗಳಲ್ಲಿ ಎಲೆಕ್ಟ್ರಾನ್ ಆದರೆ ಎಕ್ಸ್‌ನಲ್ಲಿ 0 ಕೊಡಬೇಕು, ಮಾಸ್ಟರ್ 128 ಆದರೆ 3, ಆರ್ಕಿಮಿಡೀಸ್ 6. ಮೂರೂ ಸರಿ ಬಂದ ಮೇಲೆ ಮುಂದಿನ ಸಾಲಿಗೆ ಹೋಗು.